ಸೂಪರ್ವಿಷನ್ ಎಷ್ಟು ದಿನಕ್ಕೊಮ್ಮೆ ಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ವಿರಾಜಪೇಟೆ ತಾಲ್ಲೂಕು: ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ, ಇದು ಎರಡನೇ ವರ್ಷ. ನಾನೇ ಬಿಪಿ ನೋಡುತ್ತಿದ್ದ ತೋಟದ ಕಾರ್ಮಿಕರೊಬ್ಬರು ಕಳೆದ ತಿಂಗಳು ಲೈನ್‌ಮನೆಯಲ್ಲೇ ಪಾರ್ಶ್ವವಾಯು ಬಡಿದು ತೀರಿಕೊಂಡರು. ನಾನು ಏನಾದರೂ ಗಮನಿಸದೆ ಬಿಟ್ಟೆನೇ ಎಂದು ಕೇಳಲು ಯಾರೂ ಇಲ್ಲ. ಮಾಸಿಕ ಸಭೆಯಲ್ಲಿ ಗುರಿ, ಸಾಧನೆ, ಪೋರ್ಟಲ್ ಅಷ್ಟೇ. ನಿಮಗೆಲ್ಲ ವೃತ್ತಿಪರ ಸೂಪರ್ವಿಷನ್, ಅಂದರೆ ಅನುಭವಸ್ಥರೊಂದಿಗೆ ಕೂತು ನಮ್ಮ ಪ್ರಕರಣಗಳ ಬಗ್ಗೆ ಮಾತಾಡುವ ಅವಕಾಶ, ಎಷ್ಟು ದಿನಕ್ಕೊಮ್ಮೆ ಸಿಗುತ್ತದೆ?

ನಿವೃತ್ತ ಶುಶ್ರೂಷಕಿ, ಮಡಿಕೇರಿ: ತಂಗಿ, ಮೊದಲು ಆ ಪದದ ತೊಡಕು ನೋಡು. ನಮ್ಮಲ್ಲಿ ಮೇಲ್ವಿಚಾರಣೆ ಎಂದರೆ ಮೇಲಿನವರು ಬಂದು ವಿಚಾರಿಸುವುದು; ರಿಜಿಸ್ಟರ್ ತಿರುವಿ, ಲಸಿಕೆಯ ಫ್ರಿಜ್ ತೆರೆದು ನೋಡಿ ಹೋಗುತ್ತಾರೆ. ಅದು ವಾರಕ್ಕೊಮ್ಮೆ ನಡೆದರೂ ನಿನ್ನ ಪ್ರಶ್ನೆಗೆ ಉತ್ತರ ಸಿಗದು. ರಜೆ ಮಂಜೂರು ಮಾಡುವವರ ಮುಂದೆ ನಿಂತು ‘ನಾನು ತಪ್ಪಿದೆನೇ’ ಎಂದು ಯಾರು ಕೇಳುತ್ತಾರೆ?

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನಾನು ಪರಿಹಾರ ಕೇಂದ್ರದಲ್ಲಿದ್ದೆ. ಮನೆ ಕಳೆದುಕೊಂಡವರ ಮಾತು ಕೇಳಿ ಕೇಳಿ, ರಾತ್ರಿ ಮಳೆ ಜೋರಾದರೆ ನನಗೇ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ನಾವು ನಾಲ್ವರು ತಿಂಗಳಿಗೊಮ್ಮೆ ಒಂದು ಗಂಟೆ ಕೂರತೊಡಗಿದೆವು, ಹೊರಗಿನ ಬೋಧಕಿಯೊಬ್ಬರನ್ನು ಕರೆದುಕೊಂಡು. ಒಬ್ಬರು ಒಂದು ಪ್ರಕರಣ ಹೇಳಬೇಕು. ಉಳಿದವರು ಮೊದಲ ಹತ್ತು ನಿಮಿಷ ಪ್ರಶ್ನೆ ಮಾತ್ರ ಕೇಳಬೇಕು, ಉಪದೇಶ ಕೂಡದು. (ನನಗೆ ಅದೇ ಕಷ್ಟವಾಗಿತ್ತು.) ಹಳಬರಿಗೆ ತಿಂಗಳಿಗೊಮ್ಮೆ ಸಾಕಾಯಿತು. ಹೊಸದಾಗಿ ಸೇರಿದ ಹುಡುಗಿಗೆ ಸಾಲಲಿಲ್ಲ, ಹದಿನೈದು ದಿನಕ್ಕೊಮ್ಮೆ ಮಾಡಿದೆವು. ಜೂನ್, ಜುಲೈನಲ್ಲಿ ಕರೆಂಟಿಲ್ಲ, ನೆಟ್‌ವರ್ಕಿಲ್ಲ ಎಂದು ತಪ್ಪುತ್ತಿತ್ತು, ಬೇಕಾಗುತ್ತಿದ್ದುದೂ ಆಗಲೇ.

ಆಪ್ತಸಮಾಲೋಚಕಿ, ಕುಶಾಲನಗರ: ಬ್ರಿಟನ್ನಿನ ಆಪ್ತಸಮಾಲೋಚಕರ ಸಂಘ ಬಿಎಸಿಪಿ, ಮಾನ್ಯತೆ ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಎನ್ನುತ್ತದೆ. ನಾನು ಅದನ್ನೇ ಹಿಡಿದುಕೊಂಡಿದ್ದೇನೆ, ಬೆಂಗಳೂರಿನ ಹಿರಿಯರೊಬ್ಬರೊಂದಿಗೆ ವಿಡಿಯೊ ಕರೆಯಲ್ಲಿ, ನನ್ನದೇ ದುಡ್ಡಿನಲ್ಲಿ. ಆದರೆ ಅದು ಮಾತೇ ಕೆಲಸವಾಗಿರುವ ನಮ್ಮಂಥವರ ಲೆಕ್ಕ. ದಿನಕ್ಕೆ ನಲವತ್ತು ಜನರ ಬಿಪಿ, ಸಕ್ಕರೆ ನೋಡುವವರು ಹಾಗೆಯೇ ಎತ್ತಿಕೊಳ್ಳಬೇಕಿಲ್ಲ.

ಇನ್ನೊಂದು: ಗುಂಪಿನಲ್ಲಿ ಕೂರುವುದಾದರೆ ರೋಗಿಯ ಹೆಸರನ್ನು ಮುಚ್ಚಿಟ್ಟರೆ ಸಾಲದು. ಇಲ್ಲಿ ತೋಟದ ಹೆಸರು ಅಥವಾ ಮನೆತನದ ಹೆಸರು ಬಾಯಿಗೆ ಬಂದರೆ ಮುಗಿಯಿತು, ಅರ್ಧ ಜಿಲ್ಲೆಗೆ ಆಳು ಯಾರೆಂದು ಗೊತ್ತಾಗುತ್ತದೆ. ನಾನು ಹೊರಜಿಲ್ಲೆಯವರನ್ನು ಹುಡುಕಿಕೊಂಡಿದ್ದೂ ಅದಕ್ಕೇ.

ವೈದ್ಯ, ಸೋಮವಾರಪೇಟೆ: ತಿಂಗಳ ಲೆಕ್ಕ ಸರಿ, ಆದರೆ ಸಾವಾದ ಮೇಲೆ ಮುಂದಿನ ತಾರೀಖಿಗೆ ಕಾಯಬೇಡಿ. ಅದೇ ವಾರ ಯಾರಿಗಾದರೂ ಫೋನ್ ಮಾಡಿ. ಲಂಡನ್ನಿನಲ್ಲಿ 1950ರ ದಶಕದಲ್ಲಿ ಮೈಕೆಲ್ ಬಾಲಿಂಟ್ ಎಂಬವರು ಸಾಮಾನ್ಯ ವೈದ್ಯರನ್ನೇ ಕೂರಿಸಿ, ರೋಗಿ ತಮ್ಮ ಮನಸ್ಸಿನಲ್ಲಿ ಏನು ಎಬ್ಬಿಸಿದ ಎಂದು ಮಾತಾಡಿಸುತ್ತಿದ್ದರು. ಮೊದಲು ಕೇಳಿದಾಗ ನನಗೆ ಪುರುಸೊತ್ತಿದ್ದವರ ಕೆಲಸ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಕೇಳಿದವರು: ಅಕ್ಕ, ಮೇಡಂ, ಡಾಕ್ಟರೇ, ಎಲ್ಲರಿಗೂ ವಂದನೆ. ಪೊನ್ನಂಪೇಟೆ ಕಡೆಯ ಇಬ್ಬರು ಒಪ್ಪಿದ್ದಾರೆ. ಹದಿನೈದು ದಿನಕ್ಕೊಮ್ಮೆ, ಗೋಣಿಕೊಪ್ಪದಲ್ಲಿ, ಕೊನೆಯ ಬಸ್ಸಿಗೆ ಮುಂಚೆ ಒಂದು ಗಂಟೆ. ಹೊರಗಿನವರೊಬ್ಬರು ಬೇಕು. ಅಕ್ಕ, ಮೊದಲ ಮೂರು ಸಲ ನೀವೇ ಬರುತ್ತೀರಾ?