ಸೋರ್ಸ್ ಕೋಡ್‌ನಿಂದ ಪೈಥಾನ್ ಅಳವಡಿಕೆ: ಅನುಭವವಿದ್ದವರು ತಿಳಿಸಿ

ವಿಜಯಪುರದಿಂದ ಪ್ರಶ್ನೆ:
ನಮ್ಮ ಲ್ಯಾಬಿನ ಹಳೆಯ ಉಬುಂಟು ಯಂತ್ರಗಳಿಗೆ ಪೈಥಾನ್ 3.10 ಬೇಕಾಗಿದ್ದರಿಂದ, ಸೋರ್ಸ್ ಕೋಡ್ ಇಳಿಸಿಕೊಂಡು ಒಂದರಲ್ಲಿ ಕಾನ್ಫಿಗರ್ (ಬೇಕಾದದ್ದೆಲ್ಲ ಯಂತ್ರದಲ್ಲಿದೆಯೇ ಎಂದು ನೋಡುವುದು), ಮೇಕ್ (ಕಂಪೈಲ್, ಅಂದರೆ ಕೋಡನ್ನು ಓಡಬಲ್ಲ ರೂಪಕ್ಕೆ ತರುವುದು), ಮೇಕ್ ಇನ್‌ಸ್ಟಾಲ್ (ಅಳವಡಿಸುವುದು) ಮೂರನ್ನೂ ಮಾಡಿದೆ. ಎಲ್ಲಿಯೂ ದೋಷ ಬರಲಿಲ್ಲ. ಆದರೆ ಪೈಥಾನ್ ಪ್ಯಾಕೇಜುಗಳನ್ನು ಇಳಿಸಿಕೊಡುವ ಪಿಪ್ ಏನನ್ನೂ ತರಿಸಿಕೊಡುತ್ತಿಲ್ಲ, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಸ್‌ಎಸ್‌ಎಲ್ ಮಾಡ್ಯೂಲ್ ಇಲ್ಲವೆನ್ನುತ್ತದೆ. ಇನ್ನೂ 20 ಯಂತ್ರಗಳು ಬಾಕಿ ಇವೆ.

ಬಾಗಲಕೋಟೆಯಿಂದ:
ಸರ್, ಇದೇ ತೊಡಕಿನಲ್ಲಿ ನಾನು ಎರಡು ದಿನ ಕಳೆದಿದ್ದೇನೆ. ಕಾನ್ಫಿಗರ್ ಮುಗಿಯಿತೆಂದ ಮಾತ್ರಕ್ಕೆ ಬೇಕಾದದ್ದೆಲ್ಲ ಸಿಕ್ಕಿತೆಂದು ತಿಳಿಯಬಾರದು. ಕಂಪೈಲರ್‌ನಂತಹ ಅನಿವಾರ್ಯ ವಸ್ತು ಇಲ್ಲದಿದ್ದರೆ ಅದು ನಿಲ್ಲುತ್ತದೆ, ಐಚ್ಛಿಕ ಭಾಗಗಳು ಸಿಗದಿದ್ದರೆ ಆ ಸಾಲಿನ ಕೊನೆಗೆ 'ನೋ' ಎಂದು ಬರೆದು ಸುಮ್ಮನೆ ಮುಂದೆ ಸಾಗುತ್ತದೆ. ನೂರಾರು ಸಾಲುಗಳು ಸರಸರನೆ ಓಡುವಾಗ ಆ ಒಂದು ಸಾಲು ಯಾರ ಕಣ್ಣಿಗೆ ಬೀಳಬೇಕು? ಕಂಪೈಲ್ ಆಗದ ಮಾಡ್ಯೂಲುಗಳ ಪಟ್ಟಿಯನ್ನು ಮೇಕ್‌ನ ಕೊನೆಯಲ್ಲಿಯೂ ಮುದ್ರಿಸಲಾಗುತ್ತದೆ. ನಾನು ಆಗ ಚಹಾ ಕುಡಿಯಲು ಹೋಗಿದ್ದೆ. ಬಂದವನೇ ಮುಂದಿನ ಕಮಾಂಡ್ ಕೊಟ್ಟಿದ್ದರಿಂದ ಆ ಪಟ್ಟಿಯೂ ಮೇಲಕ್ಕೆ ಸರಿದು ಹೋಯಿತು.

ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಲ್ ಮಾಡ್ಯೂಲ್ ನೆಚ್ಚಿಕೊಳ್ಳುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಇದ್ದೇ ಇರುತ್ತದೆ, ಆದರೆ ಕಂಪೈಲ್ ಮಾಡಲು ಬೇಕಾಗುವ ಹೆಡರ್ ಫೈಲುಗಳು (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ತಿಳಿಸುವವು) ಲಿಬ್‌ಎಸ್‌ಎಸ್‌ಎಲ್-ಡೆವ್ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿ ಬರುತ್ತವೆ. ಅದನ್ನೂ ಲಿಬ್‌ಎಫ್‌ಎಫ್‌ಐ-ಡೆವ್ ಅನ್ನೂ (ಪೈಥಾನ್‌ನಿಂದ ಸಿ ಲೈಬ್ರರಿಗಳನ್ನು ಬಳಸಲು ಬೇಕಾದದ್ದು) ಹಾಕಿಕೊಂಡು, ಮೇಕ್ ಡಿಸ್ಟ್‌ಕ್ಲೀನ್ ಮಾಡಿ ಹಳೆಯದನ್ನು ಅಳಿಸಿ, ಮತ್ತೆ ಕಾನ್ಫಿಗರ್‌ನಿಂದ ಆರಂಭಿಸಿ.

ಬೆಳಗಾವಿಯಿಂದ:
ಮೇಲಿನವರ ಮಾತು ಸರಿ, ಆದರೆ ಮೊದಲು ಉಬುಂಟು ಯಾವುದೆಂದು ನೋಡಿಕೊಳ್ಳಿ. ಪೈಥಾನ್ 3.10ಕ್ಕೆ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಅದಕ್ಕಿಂತ ಹೊಸದು ಬೇಕು. ಉಬುಂಟು 16.04ರಲ್ಲಿರುವುದು 1.0.2 ಆದ್ದರಿಂದ ಅಲ್ಲಿ ಡೆವ್ ಪ್ಯಾಕೇಜ್ ಹಾಕಿದರೂ ಪ್ರಯೋಜನವಿಲ್ಲ. ಓಪನ್‌ಎಸ್‌ಎಸ್‌ಎಲ್ ಅನ್ನೂ ಬೇರೆಯಾಗಿ ಕಂಪೈಲ್ ಮಾಡಿ ಅದರ ಜಾಗವನ್ನು ಕಾನ್ಫಿಗರ್‌ಗೆ ತಿಳಿಸಬೇಕಾಗುತ್ತದೆ.

ಇನ್ನೊಂದು ವಿಷಯ, ಮೇಕ್ ಇನ್‌ಸ್ಟಾಲ್ ಬೇಡ, ಮೇಕ್ ಆಲ್ಟ್‌ಇನ್‌ಸ್ಟಾಲ್ ಕೊಡಿ, ಅದು ಪೈಥಾನ್3 ಎಂಬ ಹೆಸರನ್ನು ಮುಟ್ಟುವುದಿಲ್ಲ. ಇಲ್ಲವಾದರೆ ಪೈಥಾನ್3 ಎಂದು ಟೈಪ್ ಮಾಡಿದಾಗಲೆಲ್ಲ ಹೊಸದೇ ಓಡಿ, ಹಳೆಯದನ್ನು ನಂಬಿದ ಸ್ಕ್ರಿಪ್ಟುಗಳು ಮುಗ್ಗರಿಸಬಹುದು. ಪೈಥಾನ್‌ಗೆ ಮೇಕ್ ಅನ್‌ಇನ್‌ಸ್ಟಾಲ್ ಎಂಬುದು ಇಲ್ಲವಾದ್ದರಿಂದ, ಕಾನ್ಫಿಗರ್ ಮಾಡುವಾಗಲೇ ಪ್ರಿಫಿಕ್ಸ್‌ನಲ್ಲಿ (ಎಲ್ಲಿ ಅಳವಡಿಸಬೇಕೆಂದು ಹೇಳುವ ಆಯ್ಕೆ) ಆಪ್ಟ್ (/opt) ಒಳಗಿನ ಒಂದು ಫೋಲ್ಡರ್ ಹೆಸರಿಸಿದರೆ ಬೇಡವಾದಾಗ ಆ ಫೋಲ್ಡರನ್ನೇ ಅಳಿಸಬಹುದು. ಇಪ್ಪತ್ತೂ ಯಂತ್ರಗಳಲ್ಲಿ ಅದೇ ಉಬುಂಟು ಇದ್ದರೆ ಇಪ್ಪತ್ತು ಸಲ ಕಂಪೈಲ್ ಮಾಡುವ ಶ್ರಮವೇಕೆ? ಆ ಫೋಲ್ಡರನ್ನು ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ, ಉಳಿದವುಗಳಲ್ಲಿ ಅದೇ ಜಾಗಕ್ಕೆ ಬಿಚ್ಚಿ.

ಬಾಗಲಕೋಟೆಯಿಂದ:
ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ಮೇಕ್ ಕಮಾಂಡ್ ಫೈಲುಗಳು ಬದಲಾದ ಸಮಯವನ್ನು ಹೋಲಿಸಿ ನಿಂತಲ್ಲಿಂದ ಮುಂದುವರಿಸುತ್ತದೆ. ಆದರೆ ನಮ್ಮಲ್ಲಿ ಒಂದು ಯಂತ್ರದ ಮದರ್‌ಬೋರ್ಡ್ ಸೆಲ್ ಸತ್ತಿತ್ತು. ಕರೆಂಟ್ ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ಮೇಕ್ 'ಕ್ಲಾಕ್ ಸ್ಕ್ಯೂ' (ಫೈಲುಗಳ ಸಮಯ ಯಂತ್ರದ ಗಡಿಯಾರಕ್ಕಿಂತ ಮುಂದಿದೆ) ಎಂದು ಎಚ್ಚರಿಸಿತು.

ವಿಜಯಪುರದಿಂದ:
ಎಲ್ಲವೂ 18.04. ಲಿಬ್‌ಎಸ್‌ಎಸ್‌ಎಲ್-ಡೆವ್ ಹಾಕಿ ಆಪ್ಟ್‌ನಲ್ಲಿ ಮತ್ತೆ ಅಳವಡಿಸಿದೆ, ಪಿಪ್ ಕೆಲಸ ಮಾಡುತ್ತಿದೆ. ಟಾರ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಎರಡನೆಯ ಯಂತ್ರದ ಮುಂದೆ ಕುಳಿತಿದ್ದೇನೆ.