ಗ್ರಾಹಕರ ಆಯೋಗದಲ್ಲಿ ಪೀಠವೇ ಕೂಡದಿದ್ದರೆ ದೂರುದಾರ ಏನು ಮಾಡಬೇಕು?

ಪ್ರಶ್ನೆ: ನವನಗರ ನಿವಾಸಿ, ಹುಬ್ಬಳ್ಳಿ

ನಾನು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದೇನೆ. ತಂದೆ-ತಾಯಿ ಪಕ್ಕದ ಜಿಲ್ಲೆಯ ಊರಿನಲ್ಲಿದ್ದಾರೆ. ಆ ಮನೆಯ ಮಾಳಿಗೆಯ ಮೇಲೆ 38,000 ರೂಪಾಯಿ ಕೊಟ್ಟು ಕೂಡಿಸಿದ ಸೋಲಾರ್ ವಾಟರ್ ಹೀಟರಿನ ಟ್ಯಾಂಕು ಏಳೇ ತಿಂಗಳಿಗೆ ಸೋರತೊಡಗಿತು. ಅಂಗಡಿಯವರು ತಯಾರಕರ ಕಡೆಗೂ ತಯಾರಕರು ಅಂಗಡಿಯವರ ಕಡೆಗೂ ಬೊಟ್ಟು ಮಾಡುತ್ತ ಕಾಲ ಕಳೆದದ್ದರಿಂದ, ಬಿಲ್ಲು ನನ್ನ ಹೆಸರಿನಲ್ಲಿದ್ದ ಕಾರಣ, ಆ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ವಕೀಲರಿಲ್ಲದೆ ನಾನೇ ದೂರು ಬರೆದುಕೊಟ್ಟೆ. ಐದು ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲವೆಂದು ಅಲ್ಲಿ ಸೌಜನ್ಯದಿಂದಲೇ ತಿಳಿಸಿದರು.

ಅಲ್ಲಿಂದ ಈಚೆಗೆ ಆರು ತಾರೀಖುಗಳಾಗಿವೆ. ರಜೆ ಹಾಕಿ ಬೆಳಗಿನ ಬಸ್ಸು ಹಿಡಿದು ಹೋದರೆ, ಬಾಗಿಲ ಪಕ್ಕದ ಫಲಕದಲ್ಲಿ ಆ ದಿನದ ಎಲ್ಲ ಪ್ರಕರಣಗಳ ಮುಂದೆ ಒಂದೇ ಮುಂದಿನ ತಾರೀಖು ಬರೆದಿರುತ್ತದೆ. ವಿಚಾರಿಸಿದರೆ ಸದಸ್ಯರ ಹುದ್ದೆಗಳು ಖಾಲಿ ಇವೆ ಎನ್ನುತ್ತಾರೆ. ಅಧ್ಯಕ್ಷರು ಒಳಗೆ ಕುಳಿತಿರುವುದು ಕಣ್ಣಿಗೆ ಕಾಣುತ್ತಿರುವಾಗ ಕಲಾಪ ಏಕೆ ನಡೆಯುವುದಿಲ್ಲ? ದೂರಿನ ಇತ್ಯರ್ಥಕ್ಕೆ ಕಾಯ್ದೆಯಲ್ಲಿ ಮೂರು ತಿಂಗಳ ಅವಧಿ ಇದೆಯೆಂದು ಓದಿದ್ದೇನೆ; ಅದಕ್ಕೆ ಅರ್ಥವೇನಾದರೂ ಉಂಟೇ? ಪ್ರಕರಣವನ್ನು ಧಾರವಾಡಕ್ಕೆ ತಂದುಕೊಳ್ಳಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಧಾರವಾಡದ ವಕೀಲ

ಅಧ್ಯಕ್ಷರು ಇದ್ದೂ ಕಲಾಪ ನಡೆಯದಿರುವುದು ಅವರ ಉದಾಸೀನವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 36ರ ಪ್ರಕಾರ ಅಧ್ಯಕ್ಷರ ಜೊತೆಗೆ ಕನಿಷ್ಠ ಒಬ್ಬ ಸದಸ್ಯರು ಕುಳಿತರೆ ಮಾತ್ರ ಅದು ಪೀಠ. ಇಬ್ಬರೂ ಸದಸ್ಯರ ಹುದ್ದೆ ಖಾಲಿಯಾದರೆ ಅಧ್ಯಕ್ಷರು ಕಡತ ಓದಬಹುದೇ ಹೊರತು ಆದೇಶ ಮಾಡಲಾಗದು. 2020ರ ನಿಯಮಗಳ ಪ್ರಕಾರ ನೇಮಕಾತಿ ನಾಲ್ಕು ವರ್ಷಕ್ಕೆ ಅಥವಾ 65 ವರ್ಷ ವಯಸ್ಸಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಇರುತ್ತದೆ. ಒಟ್ಟಿಗೆ ಬಂದವರು ಒಟ್ಟಿಗೇ ಹೋಗುತ್ತಾರೆ. ಹೋಗುವ ದಿನ ನಾಲ್ಕು ವರ್ಷ ಮೊದಲೇ ಗೊತ್ತಿದ್ದರೂ ಆಯ್ಕೆಯ ಪ್ರಕ್ರಿಯೆ ಕುರ್ಚಿ ಖಾಲಿಯಾದ ಮೇಲೆಯೇ ಆರಂಭವಾಗುತ್ತದೆ.

ಇದು ನಮ್ಮ ಭಾಗದ ಸಮಸ್ಯೆ ಮಾತ್ರವಲ್ಲ. ದೇಶದಾದ್ಯಂತ ಆಯೋಗಗಳಲ್ಲಿ ಖಾಲಿ ಉಳಿದ ಹುದ್ದೆಗಳನ್ನೂ ಮೂಲಸೌಕರ್ಯದ ಕೊರತೆಯನ್ನೂ ಕುರಿತು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಎಂಟು ವಾರಗಳಲ್ಲಿ ನೇಮಕಾತಿ ಮುಗಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತ್ತು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ, ಗ್ರಾಹಕರ ವ್ಯಾಜ್ಯಗಳಿಗೆ ಕಾಯಂ ಸ್ವರೂಪದ ನ್ಯಾಯನಿರ್ಣಯ ವ್ಯವಸ್ಥೆ ಸಾಧ್ಯವೇ ಎಂದು ಪರಿಶೀಲಿಸುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು.

ತಾವು ಹುಬ್ಬಳ್ಳಿಯಲ್ಲಿ ವಾಸವಿರುವುದರಿಂದ ಕಲಂ 34ರಂತೆ ಮೊದಲೇ ಧಾರವಾಡದ ಆಯೋಗಕ್ಕೆ ದೂರು ಸಲ್ಲಿಸಬಹುದಿತ್ತು. ಈಗ ಹಿಂಪಡೆದು ಹೊಸದಾಗಿ ಹಾಕುವ ವಿಚಾರವಿದ್ದರೆ ಅದಕ್ಕೆ ಅನುಮತಿಯನ್ನು ಬರವಣಿಗೆಯಲ್ಲೇ ಪಡೆಯಿರಿ. ದೂರು ಸಲ್ಲಿಸಲು ಇರುವ ಎರಡು ವರ್ಷಗಳ ಕಾಲಮಿತಿಯನ್ನು ಮರೆಯಬೇಡಿ. ಆದರೆ ಅನುಮತಿ ಕೊಡುವುದಕ್ಕೂ ಪೀಠವೇ ಬೇಕು, ಪೇಚು ಇರುವುದು ಅಲ್ಲಿ. ಅದಕ್ಕಿಂತ ಕಲಂ 32 ಉಪಯುಕ್ತ. ಒಂದು ಜಿಲ್ಲೆಯಲ್ಲಿ ಹುದ್ದೆ ಖಾಲಿಯಾದಾಗ ಬೇರೆ ಜಿಲ್ಲೆಯ ಸದಸ್ಯರಿಗೆ ಅಲ್ಲಿನ ಕೆಲಸವನ್ನೂ ವಹಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದಕ್ಕೆ ಒಂದು ಅಧಿಸೂಚನೆ ಸಾಕು. ವಾರದಲ್ಲಿ ಎರಡು ದಿನ ಸದಸ್ಯರೊಬ್ಬರು ಪಕ್ಕದ ಜಿಲ್ಲೆಗೆ ಹೋಗಿ ಬರುವುದು ನಮ್ಮ ಕಡೆ ಅಸಾಧ್ಯವಾದ ದೂರವೇನಲ್ಲ. ಧಾರವಾಡ, ಗದಗ, ಹಾವೇರಿ ಮೂರೂ 1997ರವರೆಗೆ ಒಂದೇ ಜಿಲ್ಲೆಯಾಗಿದ್ದವು.

ಉತ್ತರ: ನಿವೃತ್ತ ಶಿರಸ್ತೇದಾರ, ಗದಗ

ವಕೀಲರು ಹೇಳಿದ್ದು ಸರಿ, ಆದರೆ ಅವರು ಪೀಠದ ಮೇಲಿನವರನ್ನು ಮಾತ್ರ ನೋಡಿದ್ದಾರೆ. ಪೀಠದ ಕೆಳಗೆ ಕುಳಿತು ಸೇವೆ ಮುಗಿಸಿದವನಾಗಿ ನಾನು ಒಂದು ಮಾತು ಸೇರಿಸುತ್ತೇನೆ.

ಮೂರು ತಿಂಗಳ ಅವಧಿಯ ಬಗ್ಗೆ ಕೇಳಿದ್ದೀರಿ. ಆ ಅವಧಿ ಶುರುವಾಗುವುದು ತಾವು ದೂರು ಕೊಟ್ಟ ದಿನದಿಂದಲ್ಲ, ಎದುರುದಾರನ ಕೈಗೆ ನೋಟಿಸು ತಲುಪಿದ ದಿನದಿಂದ. ದೂರು ಅಂಗೀಕಾರವಾದ 21 ದಿನಗಳೊಳಗೆ ನೋಟಿಸು ಹೋಗಬೇಕೆಂಬುದು ನಿಯಮ. ಅದನ್ನು ಕಳಿಸುವವರು ಯಾರು? ಲಕೋಟೆಯ ಮೇಲೆ ವಿಳಾಸ ಬರೆದು, ರವಾನೆ ವಹಿಯಲ್ಲಿ ದಾಖಲಿಸಿ, ಅಂಚೆಗೆ ಒಯ್ದು ಕೊಟ್ಟು, ಸ್ವೀಕೃತಿ ಚೀಟಿ ಬಂದ ಮೇಲೆ ಅದು ಯಾವ ಪ್ರಕರಣದ್ದೆಂದು ಹುಡುಕಿ ದಬ್ಬಣದಿಂದ ಆ ಕಡತಕ್ಕೆ ಹೊಲಿಯುವ ಗುಮಾಸ್ತ. ಆ ಒಬ್ಬನೇ ಮಧ್ಯಾಹ್ನ ದೃಢೀಕೃತ ನಕಲು ಕೊಡಬೇಕು, ಸಂಜೆ ಮರುದಿನದ ಪಟ್ಟಿ ತಯಾರಿಸಬೇಕು. ಅವನು ನಿಯೋಜನೆಯ ಮೇಲೆ ಬಂದವನಾಗಿದ್ದು ಮಾತೃ ಇಲಾಖೆ ವಾಪಸು ಕರೆದರೆ, ಹೊರಗುತ್ತಿಗೆಯಲ್ಲಿ ಬಂದ ಹುಡುಗ ಕಡತದ ಕ್ರಮ ಕಲಿಯುವಷ್ಟರಲ್ಲಿ ಗುತ್ತಿಗೆಯೇ ಬದಲಾಗುತ್ತದೆ. ನೋಟಿಸು ಹೋಗದಿದ್ದರೆ ಮೂರು ತಿಂಗಳ ಲೆಕ್ಕವೇ ಆರಂಭವಾಗುವುದಿಲ್ಲ, ಆದ್ದರಿಂದ ಕಾಗದದ ಮೇಲೆ ವಿಳಂಬವೂ ಆಗಿರುವುದಿಲ್ಲ! ಸದಸ್ಯರ ಹುದ್ದೆ ಖಾಲಿಯಾದರೆ ಪತ್ರಿಕೆಯಲ್ಲಿ ಬರುತ್ತದೆ. ರವಾನೆ ಗುಮಾಸ್ತನ ಹುದ್ದೆ ಖಾಲಿಯಾದದ್ದನ್ನು ಯಾರೂ ಬರೆಯುವುದಿಲ್ಲ.

ಶೀಘ್ರಲಿಪಿಗಾರರ ಕಥೆಯೂ ಹಾಗೆಯೇ. ಹೇಳಿ ಬರೆಸಿದ ಆದೇಶ ಬೆರಳಚ್ಚಾಗಿ ಸಹಿಯಾಗುವವರೆಗೆ ಅದು ಆದೇಶವಲ್ಲ. ಆನ್‌ಲೈನ್ ಸಲ್ಲಿಕೆ ಬಂದ ಮೇಲೆ ಕೆಲಸ ಹಗುರಾಯಿತೆಂದು ಹೊರಗಿನವರು ತಿಳಿದಿದ್ದಾರೆ. ಪರದೆಯ ಮೇಲೆ ಬಂದ ದೂರನ್ನು ಪರಿಶೀಲಿಸಿ ನ್ಯೂನತೆ ಗುರುತಿಸುವುದಕ್ಕೂ ಒಬ್ಬ ಮನುಷ್ಯ ಬೇಕಲ್ಲವೇ? ಆಯೋಗಕ್ಕೆ ಸಿಬ್ಬಂದಿ ಒದಗಿಸುವುದು ಕಲಂ 33ರ ಪ್ರಕಾರ ರಾಜ್ಯ ಸರ್ಕಾರದ ಕರ್ತವ್ಯ. ಅಧ್ಯಕ್ಷರಿಗೆ ಇರುವುದು ಮೇಲ್ವಿಚಾರಣೆ ಮಾತ್ರ.

ತಾವು ಮೊದಲು ನೋಡಬೇಕಾದದ್ದು ತಮ್ಮ ಕಡತದಲ್ಲಿ ಸ್ವೀಕೃತಿ ಚೀಟಿ ಇದೆಯೇ ಎಂಬುದನ್ನು.

ಉತ್ತರ: ರಾಣೆಬೆನ್ನೂರಿನ ಬೆಳೆಗಾರ

ನಮ್ಮ ಕಡೆ ಬೀಜದ ವ್ಯಾಜ್ಯಗಳೇ ಹೆಚ್ಚಾಗಿ ಕಿವಿಗೆ ಬೀಳುತ್ತವೆ, ಅಲ್ಲಿ ಸಿಬ್ಬಂದಿಯ ಕೊರತೆ ಆಯೋಗದ ಹೊರಗೂ ಇದೆ. ನನ್ನ ಹೊಲದಲ್ಲಿ ಮೆಕ್ಕೆಜೋಳ ಮೊಳೆಯದಿದ್ದಾಗ ಸ್ಥಳ ತನಿಖೆಗೆ ಅರ್ಜಿ ಕೊಟ್ಟೆ. ಅಧಿಕಾರಿ ಬರುವ ಹೊತ್ತಿಗೆ ಹದ ಮೀರುತ್ತದೆಂದು ನಾನು ಹರಗಿ ಬೇರೆ ಬಿತ್ತಿದ್ದೆ. ಅವರಿಗೆ ಎರಡು ಹೋಬಳಿಗಳ ಜವಾಬ್ದಾರಿಯಿತ್ತು, ಅವರನ್ನು ದೂರುವುದಿಲ್ಲ. ಬಿತ್ತಿ ಮುಗಿದ ಬೀಜದ ಮಾದರಿಯನ್ನು ರೈತ ಎಲ್ಲಿಂದ ತಂದುಕೊಡಬೇಕು ಎಂಬ ವಾದವನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಒಪ್ಪಿದೆ. ಹಾಗಾದಾಗ ತನಿಖಾ ವರದಿಯೇ ಆಧಾರ; ಅದೇ ಇಲ್ಲದಿದ್ದರೆ ಪೀಠ ಕುಳಿತರೂ ಏನು ಮಾಡೀತು?

ಮರುಉತ್ತರ: ನವನಗರ ನಿವಾಸಿ, ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಶಿರಸ್ತೇದಾರರು ಹೇಳಿದಂತೆ ನಿನ್ನೆ ಕಡತ ತೆಗೆಸಿ ನೋಡಿದೆ. ಅಂಗಡಿಯವರ ಸ್ವೀಕೃತಿ ಚೀಟಿ ಇದೆ, ತಯಾರಕರದ್ದು ಇಲ್ಲ. ಅವರಿಗೆ ನೋಟಿಸು ಹೋದ ದಾಖಲೆಯೇ ರವಾನೆ ವಹಿಯಲ್ಲಿ ಸಿಗಲಿಲ್ಲ. ಆರು ತಾರೀಖುಗಳಲ್ಲಿ ಇದನ್ನು ನಾನೊಮ್ಮೆಯೂ ಕೇಳಿರಲಿಲ್ಲ. ಲಕೋಟೆಗಳನ್ನು ನಾನೇ ವಿಳಾಸ ಬರೆದು ತಂದುಕೊಡುತ್ತೇನೆಂದು ಒಪ್ಪಿಸಿ ಬಂದಿದ್ದೇನೆ.

ಜೊತೆಗೆ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯುತ್ತಿದ್ದೇನೆ: ಸದರಿ ಆಯೋಗಕ್ಕೆ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಯಾವ ದಿನಾಂಕದಿಂದ, ಕಲಂ 32ರ ಅಡಿ ಅಧಿಸೂಚನೆ ಹೊರಡಿಸಿದ್ದರೆ ಅದರ ಪ್ರತಿ.

ಮರುಉತ್ತರ: ನಿವೃತ್ತ ಶಿರಸ್ತೇದಾರ, ಗದಗ

ಅರ್ಜಿ 150 ಪದ ಮೀರದಿರಲಿ, ಒಂದೇ ವಿಷಯಕ್ಕೆ ಸೀಮಿತವಾಗಿರಲಿ. ಇಲ್ಲವಾದರೆ ಆ ನೆಪದಿಂದಲೇ ಹಿಂದಿರುಗಿಸುತ್ತಾರೆ. "ಖಾಲಿ ಎಷ್ಟು" ಎನ್ನುವ ಬದಲು "ಹುದ್ದೆವಾರು ಖಾಲಿ ಎಷ್ಟು" ಎಂದು ತಿದ್ದಿಕೊಳ್ಳಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನ ಸಂಖ್ಯೆಯನ್ನು ಅರ್ಜಿಯಲ್ಲೇ ನಮೂದಿಸಿ.