ಜೀರ್ಣೋದ್ಧಾರ ಎನ್ನಬಹುದೇ? ಫ್ರಾನ್ಸಿನ ಕೋಟೆಗೋಡೆ, ಹೊಳೆದಂಡೆಯ ಮನೆಗಳ ಕುರಿತು ಕೆಲವು ಪದಗಳು

ಫ್ರಾನ್ಸಿನ ಹಳೆಯ ಊರುಗಳನ್ನು ಉಳಿಸಿಕೊಂಡ ಬಗೆಯ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳಲ್ಲಿ ಕಾಲು ಸಿಕ್ಕಿಕೊಂಡಿದೆ, ಬಲ್ಲವರು ಬಿಡಿಸಿಕೊಡಬೇಕು.

ದೊಡ್ಡ ತೊಡಕು ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಊರಿನದು. ಅದನ್ನು ‘ಎರಡು ಸುತ್ತಿನ ಕೋಟೆ’ ಎಂದು ಬರೆದುಕೊಂಡೆ. ಚಿತ್ರದುರ್ಗದ ಏಳು ಸುತ್ತನ್ನು ಬಲ್ಲವರಿಗೆ ಹೆಚ್ಚಿನ ವಿವರಣೆ ಬೇಡ. 19ನೆಯ ಶತಮಾನದ ನಡುವಿನಲ್ಲಿ ಸರಕಾರವೇ ಈ ಗೋಡೆಗಳನ್ನು ಕೆಡವಲು ಹೊರಟಿತ್ತು. ಊರಿನ ವಿದ್ವಾಂಸರ ವಿರೋಧ ಮತ್ತು ಸ್ಮಾರಕಗಳ ಮಹಾನಿರೀಕ್ಷಕನಾಗಿದ್ದ ಪ್ರಾಸ್ಪೆರ್ ಮೆರಿಮೆಯ ಒತ್ತಾಯದಿಂದ ಅವು ಉಳಿದವು. 1853ರಿಂದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಕೈ ಹಚ್ಚಿದ. ಅವನು ಮಾಡಿದ ಕೆಲಸಕ್ಕೆ ಫ್ರೆಂಚಿನಲ್ಲಿ ‘ರೆಸ್ತೊರಾಸಿಯೋಂ’ ಎನ್ನುತ್ತಾರೆ. ಅದಕ್ಕೆ ನಮ್ಮಲ್ಲಿ ಥಟ್ಟನೆ ಹೊಳೆಯುವ ಪದ ಜೀರ್ಣೋದ್ಧಾರ.

ಅಲ್ಲೇ ನನ್ನ ಅನುಮಾನ. ನಮ್ಮ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಜೋಡಿ ಮತ್ತೆ ಮತ್ತೆ ಬರುತ್ತದೆ: ಒಡೆದದ್ದು, ಬಿರಿದದ್ದು, ಸವೆದದ್ದು ಇವನ್ನು ಸರಿಪಡಿಸಲೆಂದು ಭೂಮಿ ಬಿಡುವುದು. ಅಲ್ಲಿ ಅದು ಪುಣ್ಯದ ಕೆಲಸ, ದೂಷಿಸುವ ಮಾತೇ ಇಲ್ಲ. ವಿಯೊಲೆ-ಲ-ದ್ಯುಕ್ ತಾನೇ ಕೊಟ್ಟ ವ್ಯಾಖ್ಯೆ ಇದಕ್ಕೆ ತದ್ವಿರುದ್ಧ. ರಿಪೇರಿ ಮಾಡುವುದು ಅವನ ಅರ್ಥದ ರೆಸ್ತೊರಾಸಿಯೋಂ ಅಲ್ಲ. ಕಟ್ಟಡವನ್ನು ಪೂರ್ಣರೂಪಕ್ಕೆ ತರಬೇಕು, ಆ ರೂಪ ಹಿಂದೆ ಯಾವ ಕಾಲದಲ್ಲೂ ಇದ್ದಿರದಿದ್ದರೂ ಸರಿ. ಅದರಂತೆ ಬುರುಜುಗಳಿಗೆ ಸ್ಲೇಟುಕಲ್ಲಿನ ಚೂಪು ಟೋಪಿಗಳು ಬಂದವು. ‘ಇದು ಉತ್ತರದವರ ಮಾಡು, ನಮ್ಮ ದಕ್ಷಿಣಕ್ಕೆ ಹೊಂದುವುದಿಲ್ಲ’ ಎಂಬ ತಕರಾರು ಎದ್ದಿತು; 20ನೆಯ ಶತಮಾನದಲ್ಲಿ ಕೆಲವು ಬುರುಜುಗಳಿಗೆ ಹೆಂಚು ಹೊದಿಸಿದರು. ಎರಡು ಸುತ್ತುಗಳ ನಡುವೆ ಗೋಡೆಗೆ ಆತುಕೊಂಡಿದ್ದ ಬಡವರ ಮನೆಗಳನ್ನೂ ತೆರವುಗೊಳಿಸಿದ್ದರು. ಇದನ್ನೆಲ್ಲ ಜೀರ್ಣೋದ್ಧಾರ ಎಂದರೆ ಓದುಗರು ಕೈಮುಗಿದು ಮುಂದಕ್ಕೆ ಹೋಗಿಬಿಡುತ್ತಾರೆ. ‘ಸಂರಕ್ಷಣೆ’ಯಂತೂ ಪತ್ರಿಕೆಗಳ ಗೋಣಿಚೀಲ, ಏನು ಹಾಕಿದರೂ ಹಿಡಿಯುತ್ತದೆ. ‘ಮರುಗಟ್ಟುವಿಕೆ’ ಎಂದು ಬರೆದು ಗೆಳೆಯರೊಬ್ಬರಿಗೆ ತೋರಿಸಿದೆ. ಅವರು ಅದನ್ನು ‘ಮರಗಟ್ಟುವಿಕೆ’ ಎಂದು ತಿದ್ದಿ ಕಳಿಸಿದರು!

ಎರಡನೆಯದು ಸ್ಟ್ರಾಸ್‌ಬುರ್ಗ್. ಅಲ್ಲಿ ಈಲ್ ನದಿಗೆ ಅಡ್ಡಲಾಗಿ, ಹಳೆಯ ಕೋಟೆಯ ಗೋಪುರಗಳ ನಡುವೆ ‘ಪೋಂ ಕೂವೆರ್’ ಎಂಬ ಸೇತುವೆಗಳಿವೆ. ‘ಮುಚ್ಚಿದ ಸೇತುವೆ’ ಎಂದರೆ ಸಂಚಾರ ಬಂದ್ ಆದಂತೆ ಕೇಳುತ್ತದೆ. ‘ಮಾಡಿನ ಸೇತುವೆ’ ಚೆನ್ನಾಗಿದೆ, ಆದರೆ ಮಾಡನ್ನು 1784ರಲ್ಲೇ ಕಿತ್ತುಹಾಕಿದ್ದಾರೆ, ಹೆಸರು ಮಾತ್ರ ಉಳಿದಿದೆ. ಅನುವಾದಿಸಿದರೆ ಓದುಗರು ಚಿತ್ರದಲ್ಲಿ ಮಾಡನ್ನು ಹುಡುಕುತ್ತಾರೆ. ಇಲ್ಲಿ ಮೂಲದ ಹೆಸರನ್ನೇ ಇಡುವುದೆಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದೇನೆ.

ಅಲ್ಲೇ ಪಕ್ಕದಲ್ಲಿ ತೊಗಲು ಹದಮಾಡುವವರ ಮನೆಗಳು. ಹಸಿ ಚರ್ಮ ಒಣಗಿಸಲು ಗಾಳಿಯಾಡುವ ತೆರೆದ ಅಟ್ಟ, ಕಡಿದಾದ ಮಾಡು, ಕೆಳಗೆ ಹೊಳೆ. ಅವುಗಳಲ್ಲೊಂದು 1572ರದು, ಈಗ ಅದು ಹೋಟೆಲು. ಮರದ ಚೌಕಟ್ಟಿನ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆಗೆ ನಮ್ಮ ‘ತಡಿಕೆಗೋಡೆ’ ಸಾಕೇ, ಅಥವಾ ದಪ್ಪ ತೊಲೆಗಳ ಚೌಕಟ್ಟಿಗೆ ಬೇರೆಯೇ ಮಾತುಂಟೇ? ಮಲೆನಾಡಿನ ಹಿರಿಯರು ಹೇಳಬೇಕು.

ಕೊನೆಯದು ನಾಜೂಕಿನದು. ಹಳೆಯ ಊರುಗಳನ್ನು ಉಳಿಸಲು ಫ್ರಾನ್ಸ್ ಮಾಡಿದ 1962ರ ಮಾಲ್ರೊ ಕಾಯಿದೆ ಒಂಟಿ ಕಟ್ಟಡವನ್ನಲ್ಲ, ಊರಿನ ಒಂದು ಇಡೀ ಭಾಗವನ್ನು, ಅಂದರೆ ‘ಸೆಕ್ತರ್’ ಅನ್ನು, ಕಾಯಲು ಹೊರಟಿತು. ‘ವಲಯ’ ಎಂದರೆ ಕೈಗಾರಿಕಾ ವಲಯದ ವಾಸನೆ. ‘ಕೇರಿ’ ಎಷ್ಟು ಒಳ್ಳೆಯ ಪದ! ಆದರೆ ತೊಗಲಿನ ಕೆಲಸದವರ ಕೇರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಊರಾಚೆಗೆ ತಳ್ಳಿದ ಕೇರಿ. ಸ್ಟ್ರಾಸ್‌ಬುರ್ಗಿನಲ್ಲಿ ಅವರು ಕೋಟೆಯ ಒಳಗೇ ಇದ್ದರು, ಅವರದೇ ಕಸುಬಿನ ಸಂಘವಿತ್ತು. ‘ಪೇಟೆ’ ಎಂದರೆ ಹೇಗೆ? ಬೆಂಗಳೂರಿನ ಅರಳೆಪೇಟೆ, ಅಕ್ಕಿಪೇಟೆಗಳಂತೆ ಕಸುಬು, ವ್ಯಾಪಾರ, ವಾಸ ಮೂರೂ ಅದರಲ್ಲಿ ಬರುತ್ತವೆ. ‘ರಕ್ಷಿತ ಪೇಟೆ’ ಎಂದು ಸದ್ಯಕ್ಕೆ ಬರೆದಿದ್ದೇನೆ, ಆಕ್ಷೇಪವಿದ್ದರೆ ತಿಳಿಸಿ.

ಕಾರ್ಕಸೋನಿನ ವಾಕ್ಯ ಮಾತ್ರ ಇನ್ನೂ ಖಾಲಿ ಬಿಟ್ಟೇ ಇದೆ: ‘ಅವನು ಆ ಕೋಟೆಯನ್ನು __’.